‘ಅವರ ವಂಶದಲ್ಲೇ ಇದೆ’: ಮನೋರೋಗದ ಜೀನ್‌ಗಳನ್ನು ಹುಡುಕೋದು ಹೇಗೆ?

(ವಡಾಲದಲ್ಲಿ ಸೇರಿದ್ದ ನಮ್ಮ ಕನ್ನಡ ಬಳಗದ ಮುಂದೆ ಆಡಿದ ಮಾತಿನ ಬರಹ ರೂಪ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು ಲೋಕಲ್‌ನಲ್ಲಿ ನಿಂತುಕೊಂಡೇ ಓದಲಿ ಅಂತ ಹಾಕಿದ್ದೇವೆ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)



ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಎಂಟೆಕ್ ಮಾಡಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ, ದಿನವಿಡೀ ಡೇಟಾ ಜೊತೆ ಗುದ್ದಾಟ. ಈ ವಿಷಯಕ್ಕೆ ಬಂದದ್ದು ಮನೆಯ ಕಾರಣದಿಂದ. ನನ್ನ ಸೋದರಮಾವನಿಗೆ ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಸ್ಕಿಜೋಫ್ರೇನಿಯಾ ಶುರುವಾಯ್ತು. ಗದಗದಲ್ಲಿ ನಮ್ಮ ಓಣಿಯವರಿಗೆಲ್ಲ ಗೊತ್ತಿದ್ದ ವಿಷಯ. ಮುಂದೆ ನನ್ನ ತಂಗಿಗೆ ಸಂಬಂಧ ನೋಡುವಾಗ ಒಂದು ಮನೆಯವರು ಎಲ್ಲ ಮಾತು ಮುಗಿಸಿ, ಕೊನೆಗೆ ಮಧ್ಯಸ್ಥರ ಕೈಲಿ ಹೇಳಿ ಕಳಿಸಿದರು: “ಅವರ ವಂಶದಾಗ ಅದ ಅಂತಲ್ಲರೀ, ನಮಗ ಬ್ಯಾಡ.”

‘ವಂಶದಾಗ ಅದ’ ಅನ್ನೋ ಈ ಮಾತು ಎಷ್ಟು ನಿಜ? ವಿಜ್ಞಾನಿಗಳು ಇದನ್ನ ಹೇಗೆ ಪರೀಕ್ಷೆ ಮಾಡಿದರು? ಅವರಿಗೆ ಸಿಕ್ಕ ಉತ್ತರವನ್ನ ಒಬ್ಬ ಹುಡುಗಿಯ ಮೇಲೆ ತೀರ್ಪಿನ ಹಾಗೆ ಬಳಸಬಹುದಾ? ಇವತ್ತಿನ ಮಾತು ಇಷ್ಟೇ.

ಮೊದಲು ನಮ್ಮ ವಡಾಲದ್ದೇ ಒಂದು ಉದಾಹರಣೆ ತಗೊಳ್ಳೋಣ. ಇಲ್ಲಿ ಆಕ್‌ವರ್ತ್ ಕುಷ್ಠರೋಗ ಆಸ್ಪತ್ರೆ ಇದೆ, ನಿಮ್ಮಲ್ಲಿ ಹಲವರು ಅದರ ಮುಂದೆ ಓಡಾಡಿರ್ತೀರಿ. 1890ರಲ್ಲಿ ಶುರುವಾಯ್ತು. ಆಗ ಮುಂಬೈ ಮುನ್ಸಿಪಲ್ ಕಮಿಷನರ್ ಆಗಿದ್ದ ಆಕ್‌ವರ್ತ್ ಅವರ ಹೆಸರೇ ಅದಕ್ಕೆ ಬಂತು. ಹತ್ತೊಂಬತ್ತನೇ ಶತಮಾನದಲ್ಲಿ ಕುಷ್ಠರೋಗ ಮನೆತನದಲ್ಲಿ ಇಳಿದು ಬರುತ್ತೆ ಅಂತ ದೊಡ್ಡ ದೊಡ್ಡ ವೈದ್ಯರೇ ನಂಬಿದ್ದರು. ಅದರಲ್ಲಿ ಪ್ರಮುಖರು ನಾರ್ವೆಯ ಡೇನಿಯಲ್‌ಸನ್. ಅವರ ಮಗಳನ್ನ ಮದುವೆಯಾಗಿದ್ದ ಹ್ಯಾನ್ಸನ್ 1873ರಲ್ಲಿ ಸೂಕ್ಷ್ಮದರ್ಶಕದಲ್ಲಿ ರೋಗಾಣುವನ್ನ ಕಂಡರು. ಮಾವನ ಸಿದ್ಧಾಂತವನ್ನ ಅಳಿಯನೇ ಬೀಳಿಸಿದ ಹಾಗಾಯ್ತು!

ಮನೆತನದಲ್ಲಿ ಕಾಣಿಸಿದ್ದಕ್ಕೆ ಕಾರಣ ಸರಳ. ಒಂದೇ ಮನೆಯವರು ಜೀನ್‌ಗಳನ್ನಷ್ಟೇ ಅಲ್ಲ, ಕೋಣೆ, ಗಾಳಿ, ಊಟ, ಬಡತನ, ರೋಗಾಣು ಎಲ್ಲವನ್ನೂ ಹಂಚಿಕೊಂಡಿರ್ತಾರೆ. ಆದರೆ ಕಥೆ ಅಲ್ಲಿಗೇ ಮುಗಿಯಲ್ಲ. ರೋಗಾಣು ತಗುಲಿದವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಬರೋದೇ ಇಲ್ಲ. ಯಾರಿಗೆ ಬರುತ್ತೆ ಅನ್ನೋದರಲ್ಲಿ ಜೀನ್‌ಗಳ ಪಾತ್ರವೂ ಇದೆ ಅಂತ 2009ರಲ್ಲಿ ಚೀನಾದ ಒಂದು ಅಧ್ಯಯನ ತೋರಿಸಿತು. ಹಾಗಾಗಿ ‘ಮನೆತನದಲ್ಲಿದೆ’ ಅನ್ನೋದನ್ನ ನಾವು ನೋಡಿದ ಒಂದು ಸಂಗತಿ ಅಂತ ಇಟ್ಟುಕೊಳ್ಳಬೇಕು. ಕಾರಣ ಏನು ಅಂತ ಬೇರೆಯಾಗೇ ಹುಡುಕಬೇಕು. ಬಗ್ ಕಾಣಿಸಿತು ಅಂದರೆ ಅದು ಯಾವ ಫೈಲಿನಲ್ಲಿದೆ ಅಂತ ಗೊತ್ತಾದ ಹಾಗಲ್ಲ ಅಲ್ವಾ, ಹಾಗೆ.

ಮನೋರೋಗಕ್ಕೆ ಬರೋಣ. ಜೀನ್ ಯಾವುದು, ಮನೆಯ ವಾತಾವರಣ ಯಾವುದು ಅಂತ ಬೇರೆ ಮಾಡೋದು ಹೇಗೆ? ಮೊದಲ ದಾರಿ ದತ್ತು ಮಕ್ಕಳು. 1966ರಲ್ಲಿ ಅಮೆರಿಕದ ಆರೆಗನ್‌ನಲ್ಲಿ ಹೆಸ್ಟನ್ ಅನ್ನುವವರು, ಸ್ಕಿಜೋಫ್ರೇನಿಯಾ ಇದ್ದ ತಾಯಂದಿರಿಗೆ ಹುಟ್ಟಿ, ಹುಟ್ಟಿದ ಕೂಡಲೇ ಬೇರೆ ಕಡೆ ಬೆಳೆದ 47 ಜನರನ್ನ ಹುಡುಕಿದರು. ಅವರಲ್ಲಿ 5 ಜನಕ್ಕೆ ಸ್ಕಿಜೋಫ್ರೇನಿಯಾ ಬಂದಿತ್ತು. ಅದೇ ರೀತಿ ಬೇರೆ ಕಡೆ ಬೆಳೆದ, ಆದರೆ ತಾಯಿಗೆ ಕಾಯಿಲೆ ಇಲ್ಲದ 50 ಜನರಲ್ಲಿ ಒಬ್ಬರಿಗೂ ಇರಲಿಲ್ಲ. ತಾಯಿಯ ಜೊತೆ ಬೆಳೆಯದೇ ಇದ್ದರೂ ಏನೋ ಇಳಿದು ಬಂದಿದೆ ಅಂತಾಯ್ತು. ಅದರ ಜೊತೆಗೇ ಇನ್ನೊಂದು ಲೆಕ್ಕವನ್ನೂ ನೋಡಿ, 47ರಲ್ಲಿ 42 ಜನಕ್ಕೆ ಬರಲಿಲ್ಲ.

ಎರಡನೇ ದಾರಿ ಅವಳಿಗಳು. ತದ್ರೂಪಿ ಅವಳಿಗಳ ಡಿಎನ್‌ಎ ಹೆಚ್ಚುಕಮ್ಮಿ ಒಂದೇ. ಬೇರೆ ಥರದ ಅವಳಿಗಳು ಮಾಮೂಲಿ ಅಣ್ಣತಮ್ಮಂದಿರ ಹಾಗೆ. ಡೆನ್ಮಾರ್ಕ್‌ನಲ್ಲಿ 31,524 ಅವಳಿ ಜೋಡಿಗಳ ದಾಖಲೆ ಇಟ್ಟುಕೊಂಡು ಮಾಡಿದ ಅಧ್ಯಯನ 2018ರಲ್ಲಿ ಬಂತು. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಇದ್ದರೆ ಇನ್ನೊಬ್ಬರಿಗೂ ಇರೋದು ಶೇ 33. ಬೇರೆ ಅವಳಿಗಳಲ್ಲಿ ಶೇ 7. ಈ ಎರಡರ ಅಂತರದಿಂದ ಲೆಕ್ಕ ಹಾಕಿ ಆನುವಂಶಿಕತೆ ಶೇ 79 ಅಂತ ಅಂದಾಜು ಮಾಡಿದರು.

ಈ 79 ಅನ್ನೋ ಅಂಕಿಯೇ ಬಹಳ ಜನರನ್ನ ದಾರಿ ತಪ್ಪಿಸೋದು. ‘ಅಪ್ಪನಿಗಿದ್ದರೆ ಮಗನಿಗೆ ಬರೋ ಸಾಧ್ಯತೆ ಶೇ 79’ ಅಂತ ಓದಿಬಿಡ್ತಾರೆ. ಹಾಗಲ್ಲ. ಒಂದು ಜನಸಮೂಹದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಕಾಯಿಲೆಯ ಸಾಧ್ಯತೆಯಲ್ಲಿ ವ್ಯತ್ಯಾಸ ಇರುತ್ತಲ್ಲ, ಆ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲೆಷ್ಟು ಅಂತ ಈ ಅಂಕಿ ಹೇಳುತ್ತೆ. ಅದು ಇಡೀ ಗುಂಪಿನ ಲೆಕ್ಕ, ಒಬ್ಬ ವ್ಯಕ್ತಿಗೆ ತಂದು ಅಂಟಿಸೋಕೆ ಬರಲ್ಲ. ಅದೇ ಅಧ್ಯಯನದಲ್ಲಿ, ಅದೇ ಡಿಎನ್‌ಎ ಇರೋ ಅವಳಿಗೂ ಕಾಯಿಲೆ ಇದ್ದದ್ದು ಮೂರರಲ್ಲಿ ಒಂದು ಸಲ ಮಾತ್ರ.

ಜೀನ್‌ಗಳ ಪಾತ್ರ ಇದೆ ಅಂತ ಖಚಿತವಾಯ್ತು. ಹಾಗಾದರೆ ಅವು ಯಾವುವು? ಇಲ್ಲಿಂದ ಹುಡುಕಾಟ.

1980ರ ದಶಕದ ವಿಧಾನದ ಹೆಸರು ಲಿಂಕೇಜ್. ಕಾಯಿಲೆ ಹಲವರಿಗೆ ಇರೋ ದೊಡ್ಡ ಕುಟುಂಬ ಒಂದನ್ನ ಹಿಡಿಯೋದು. ವರ್ಣತಂತುಗಳ ಮೇಲೆ ಅಲ್ಲಲ್ಲಿ ಗುರುತುಗಳಿವೆ. ಕಾಯಿಲೆ ಇದ್ದವರಿಗೆಲ್ಲ ಇದ್ದು, ಇಲ್ಲದವರಿಗೆ ಇಲ್ಲದ ಗುರುತು ಯಾವುದು ಅಂತ ನೋಡೋದು. ಗಿಟ್ ಬೈಸೆಕ್ಟ್ ಮಾಡಿದವರಿಗೆ ಅರ್ಥ ಆಗುತ್ತೆ. ಹಂಟಿಂಗ್‌ಟನ್‌ನಂಥ ಒಂದೇ ಜೀನ್‌ನ ಕಾಯಿಲೆಗೆ ಇದು ಸೊಗಸಾಗಿ ಕೆಲಸ ಮಾಡ್ತು. 1987ರಲ್ಲಿ ಪೆನ್ಸಿಲ್ವೇನಿಯಾದ ಆಮಿಷ್ ಸಮುದಾಯದ ಒಂದು ದೊಡ್ಡ ಮನೆತನದಲ್ಲಿ ಬೈಪೋಲಾರ್ ಕಾಯಿಲೆಯ ಜೀನ್ 11ನೇ ವರ್ಣತಂತುವಿನಲ್ಲಿದೆ ಅಂತ ‘ನೇಚರ್’ ಪತ್ರಿಕೆಯಲ್ಲಿ ಬಂತು. ದೊಡ್ಡ ಸುದ್ದಿ ಆಯ್ತು. ಎರಡೇ ವರ್ಷ. 1989ರಲ್ಲಿ ಅದೇ ಪತ್ರಿಕೆಯಲ್ಲಿ, ಅದೇ ಮನೆತನದ ಮರುಪರಿಶೀಲನೆ ಬಂತು, ಹಳೇ ಫಲಿತಾಂಶ ನಿಲ್ಲಲಿಲ್ಲ. ಏನಾಗಿತ್ತು? ಮೊದಲು ‘ಕಾಯಿಲೆ ಇಲ್ಲ’ ಅಂತ ಬರೆದಿದ್ದ ಇಬ್ಬರಿಗೆ ಆಮೇಲೆ ಕಾಯಿಲೆ ಬಂತು, ಜೊತೆಗೆ ಅದೇ ಮನೆತನದ ಇನ್ನಷ್ಟು ಸಂಬಂಧಿಕರ ಮಾಹಿತಿಯೂ ಸೇರಿತು. ಅಷ್ಟಕ್ಕೇ ಇಡೀ ಲೆಕ್ಕ ಉರುಳಿತು. ಮಷಿನ್ ಲರ್ನಿಂಗ್ ಕೆಲಸ ಮಾಡುವವರಿಗೆ ಈ ನೋವು ಗೊತ್ತು. ಎರಡು ಲೇಬಲ್ ಬದಲಾದರೆ ಬೀಳುವ ಮಾಡೆಲ್ ಅದು.

ಮುಂದಿನದು ಊಹೆಯ ವಿಧಾನ. ಖಿನ್ನತೆಯ ಮಾತ್ರೆಗಳು ಮೆದುಳಿನ ಸಿರೊಟೋನಿನ್ ಮೇಲೆ ಕೆಲಸ ಮಾಡ್ತಾವೆ, ಹಾಗಾದರೆ ಸಿರೊಟೋನಿನ್ ಸಾಗಿಸುವ ಜೀನ್‌ನಲ್ಲೇ ತೊಂದರೆ ಇರಬೇಕು ಅಂತ ಮೊದಲೇ ಆರಿಸಿಕೊಂಡು, ಕೆಲವು ನೂರು ಜನರಲ್ಲಿ ನೋಡೋದು. 2003ರಲ್ಲಿ ನ್ಯೂಜಿಲೆಂಡಿನ ಒಂದು ಅಧ್ಯಯನ, ಈ ಜೀನ್‌ನ ಒಂದು ರೂಪ ಇದ್ದವರಿಗೆ ಬದುಕಿನ ಕಷ್ಟಗಳಿಂದ ಖಿನ್ನತೆ ಹೆಚ್ಚು ಬರುತ್ತೆ ಅಂದಿತು. ಅದರ ಬೆನ್ನ ಹಿಂದೆ ನೂರಾರು ಲೇಖನಗಳು. 2019ರಲ್ಲಿ ಅಂಥ 18 ಪ್ರಸಿದ್ಧ ಜೀನ್‌ಗಳನ್ನ ಲಕ್ಷಗಟ್ಟಲೆ ಜನರ ಡೇಟಾದಲ್ಲಿ ಪರೀಕ್ಷಿಸಿದಾಗ, ಸುಮ್ಮನೆ ಕಣ್ಮುಚ್ಚಿ ಆರಿಸಿದ ಜೀನ್‌ಗಳಿಗಿಂತ ಅವು ಹೆಚ್ಚೇನೂ ಹೇಳಲಿಲ್ಲ. ಕೆಟ್ಟ ಉದ್ದೇಶ ಯಾರದ್ದೂ ಅಲ್ಲ. ಸಣ್ಣ ಸ್ಯಾಂಪಲ್, ಹಲವು ಥರದ ಪ್ರಯತ್ನ, ಸಿಕ್ಕಿದ್ದನ್ನ ಮಾತ್ರ ಪ್ರಕಟಿಸೋ ಅಭ್ಯಾಸ, ಈ ಮೂರು ಸೇರಿದರೆ ಹೀಗೇ ಆಗೋದು.

ಈ ಪಾಠ ಕಲಿತ ಮೇಲೆ ಬಂದದ್ದು ಈಗಿನ ಮುಖ್ಯ ವಿಧಾನ, ಜೀನೋಮ್ ವೈಡ್ ಅಸೋಸಿಯೇಶನ್ ಸ್ಟಡಿ. ಚಿಕ್ಕದಾಗಿ ‘ಜೀವಾಸ್’ ಅಂತಾರೆ. ಇದರಲ್ಲಿ ಊಹೆಗೆ ಜಾಗ ಇಲ್ಲ. ನಮ್ಮ ಡಿಎನ್‌ಎ ಸುಮಾರು 300 ಕೋಟಿ ಅಕ್ಷರಗಳ ಫೈಲ್ ಅಂದುಕೊಳ್ಳಿ. ಹೆಚ್ಚಿನ ಅಕ್ಷರ ಎಲ್ಲರಲ್ಲೂ ಒಂದೇ, ಅಲ್ಲಲ್ಲಿ ಮಾತ್ರ ಒಬ್ಬರಿಂದ ಒಬ್ಬರಿಗೆ ಬದಲಾಗುತ್ತೆ. ಅಂಥ ಲಕ್ಷಾಂತರ ಜಾಗಗಳಲ್ಲಿ, ಪ್ರತಿಯೊಂದರಲ್ಲೂ ಒಂದೇ ಪ್ರಶ್ನೆ: ಈ ಅಕ್ಷರ ಕಾಯಿಲೆ ಇದ್ದವರಲ್ಲಿ, ಇಲ್ಲದವರಿಗಿಂತ ಹೆಚ್ಚು ಸಲ ಕಾಣುತ್ತಾ?

ಇಲ್ಲೊಂದು ಲೆಕ್ಕ ಇದೆ. 10 ಲಕ್ಷ ಪರೀಕ್ಷೆ ಮಾಡಿ, ನಾವು ಕಾಲೇಜಿನಲ್ಲಿ ಕಲಿತ ಶೇ 5ರ ಮಿತಿ ಇಟ್ಟರೆ, ಏನೂ ಸಂಬಂಧ ಇಲ್ಲದಿದ್ದರೂ 50,000 ಜಾಗಗಳು ‘ನಾನೇ ಕಾರಣ’ ಅಂತ ಕೈ ಎತ್ತುತ್ತವೆ. ಅದಕ್ಕೇ ಮಿತಿಯನ್ನ 10 ಲಕ್ಷದಿಂದ ಭಾಗಿಸಿದರು. ಆಕಸ್ಮಿಕವಾಗಿ ಹೀಗೆ ಕಾಣೋ ಸಾಧ್ಯತೆ 2 ಕೋಟಿಗೆ 1ಕ್ಕಿಂತ ಕಡಿಮೆ ಇದ್ದರೆ ಮಾತ್ರ ಒಪ್ಪೋದು. ಇಷ್ಟು ಕಠಿಣ ಮಿತಿ ದಾಟಬೇಕಾದರೆ ಸಾವಿರಾರು ರೋಗಿಗಳ ಡೇಟಾ ಬೇಕು, ಒಂದು ಆಸ್ಪತ್ರೆಯಿಂದ ಆಗೋ ಕೆಲಸ ಅಲ್ಲ. 2007ರಲ್ಲಿ ಹಲವು ದೇಶಗಳ ಸಂಶೋಧಕರು ಸೇರಿ ಸೈಕಿಯಾಟ್ರಿಕ್ ಜೀನೋಮಿಕ್ಸ್ ಕನ್ಸಾರ್ಶಿಯಂ ಅಂತ ಮಾಡಿಕೊಂಡು ಡೇಟಾ ಒಟ್ಟುಗೂಡಿಸಿದರು. 2014ರಲ್ಲಿ 36,989 ಸ್ಕಿಜೋಫ್ರೇನಿಯಾ ರೋಗಿಗಳಿಂದ 108 ಜಾಗಗಳು ಸಿಕ್ಕವು. 2022ರಲ್ಲಿ 76,755 ರೋಗಿಗಳು, ಕಾಯಿಲೆ ಇಲ್ಲದ 2,43,649 ಜನ. ಜಾಗಗಳು 287.

ಈ ಸಲ ಫಲಿತಾಂಶ ಬೀಳಲಿಲ್ಲ. ಆದರೆ ಸಿಕ್ಕಿದ್ದು ಏನು ಅಂತ ನೋಡಿ. 287 ಜಾಗಗಳಲ್ಲಿ ಹೆಚ್ಚಿನವುಗಳ ಪರಿಣಾಮ ತೀರಾ ಚಿಕ್ಕದು. ನೂರರಲ್ಲಿ ಒಬ್ಬರಿಗೆ ಬರೋ ಕಾಯಿಲೆ ಅಂತ ಇಟ್ಟುಕೊಂಡರೆ, ಅಂಥ ಒಂದು ಅಕ್ಷರ ಇದ್ದವರಲ್ಲಿ ಅದು ಶೇ 1ರಿಂದ ಶೇ 1.1ರ ಆಸುಪಾಸಿಗೆ ಹೋಗಬಹುದು. ಮತ್ತೆ, ಈ ಅಕ್ಷರಗಳು ಅಪರೂಪದವಲ್ಲ. ಇಲ್ಲಿ ಕೂತ ನಮ್ಮೆಲ್ಲರಲ್ಲೂ ಅವುಗಳಲ್ಲಿ ಹಲವು ಇವೆ. ನನ್ನ ಮಾವನಲ್ಲೂ ಇವೆ, ಸಂಬಂಧ ಬೇಡ ಅಂದ ಮನೆಯವರಲ್ಲೂ ಇವೆ.

ಇನ್ನೊಂದು ತೊಡಕು. ಜೀವಾಸ್ ಕೊಡೋದು ವಿಳಾಸದ ಪಿನ್‌ಕೋಡ್ ಮಾತ್ರ, ಮನೆ ನಂಬರ್ ಅಲ್ಲ. 6ನೇ ವರ್ಣತಂತುವಿನ ಒಂದು ಜಾಗ ಪ್ರತಿ ಸಲ ಜೋರಾಗಿ ಕಾಣ್ತಿತ್ತು. ಅಲ್ಲಿರೋ ‘ಸಿ4’ ಅನ್ನೋ ಜೀನ್‌ನ ಪ್ರತಿಗಳ ಸಂಖ್ಯೆ, ರೂಪ ಒಬ್ಬರಿಂದ ಒಬ್ಬರಿಗೆ ಬದಲಾಗೋದು ಅದಕ್ಕೆ ಒಂದು ಕಾರಣ ಅಂತ 2016ರಲ್ಲಿ ತೋರಿಸಿದರು. ರೋಗನಿರೋಧಕ ವ್ಯವಸ್ಥೆಯ ಜೀನ್ ಅದು. ಬೆಳೆಯೋ ಮೆದುಳಿನಲ್ಲಿ ನರಕೋಶಗಳ ನಡುವಿನ ಹೆಚ್ಚುವರಿ ಕೊಂಡಿಗಳನ್ನ ಕತ್ತರಿಸೋದರಲ್ಲೂ ಅದರ ಕೈವಾಡ ಇರುವಂತಿದೆ. ಪಿನ್‌ಕೋಡ್‌ನಿಂದ ಮನೆ ಬಾಗಿಲಿಗೆ ಹೋಗೋಕೆ ಒಂದೊಂದು ಜಾಗಕ್ಕೂ ಹೀಗೆ ವರ್ಷಗಟ್ಟಲೆ ಕೆಲಸ ಬೇಕು.

ಇದು ಎಲ್ಲರಲ್ಲೂ ಇರೋ ಚಿಕ್ಕ ಪರಿಣಾಮಗಳ ಕಥೆ. ಅಪರೂಪದ, ದೊಡ್ಡ ಪರಿಣಾಮದ ಬದಲಾವಣೆಗಳೂ ಇವೆ. ಅವುಗಳನ್ನ ಹುಡುಕೋಕೆ ಪ್ರೊಟೀನ್ ತಯಾರಿಸೋ ಭಾಗವನ್ನ ಪೂರ್ತಿ ಓದಬೇಕು. ಇಡೀ ಫೈಲಿನ ಶೇ 1ರಿಂದ 2ರಷ್ಟು ಮಾತ್ರ ಇರೋ ಆ ಭಾಗವೇ ಎಕ್ಸೋಮ್. 2022ರಲ್ಲೇ 24,248 ರೋಗಿಗಳ ಎಕ್ಸೋಮ್ ಓದಿದಾಗ, ಕೆಟ್ಟರೆ ಸ್ಕಿಜೋಫ್ರೇನಿಯಾ ಸಾಧ್ಯತೆಯನ್ನ ತುಂಬಾ ಹೆಚ್ಚಿಸೋ 10 ಜೀನ್‌ಗಳು ಖಚಿತವಾದವು. ಅಂಥ ಬದಲಾವಣೆ ಇರೋ ರೋಗಿಗಳು ಬೆರಳೆಣಿಕೆಯಷ್ಟು. ಹಾಗೇ 22ನೇ ವರ್ಣತಂತುವಿನ ಒಂದು ತುಣುಕೇ ಕಾಣೆಯಾಗಿರೋ ಸ್ಥಿತಿ ಇದೆ. ಅಂಥವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಬರುತ್ತೆ. ಇಷ್ಟು ದೊಡ್ಡ ಬದಲಾವಣೆ ಇದ್ದೂ ನಾಲ್ಕರಲ್ಲಿ ಮೂವರಿಗೆ ಬರಲ್ಲ ಅನ್ನೋದನ್ನೂ ಮರೀಬೇಡಿ.

ಈಗ ನಮ್ಮ ಕಡೆಗೆ ಬರೋಣ. 2019ರಲ್ಲಿ ಒಂದು ಲೆಕ್ಕ ಬಂತು. ಜಗತ್ತಿನ ಜೀವಾಸ್ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ಸುಮಾರು ಶೇ 78 ಜನ ಯುರೋಪಿಯನ್ ಮೂಲದವರು. ನಾವು ಇಷ್ಟು ಕೋಟಿ ಜನ ಇದ್ದೂ ಡೇಟಾದಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಇದು ಬರೀ ಅಭಿಮಾನದ ಪ್ರಶ್ನೆ ಅಲ್ಲ. ಒಂದು ಜಾಗದ ಗುರುತು ಅದರ ಪಕ್ಕದ ಅಸಲಿ ಕಾರಣದ ಜೊತೆ ಎಷ್ಟು ಅಂಟಿಕೊಂಡಿರುತ್ತೆ ಅನ್ನೋದು ಜನಸಮೂಹದಿಂದ ಜನಸಮೂಹಕ್ಕೆ ಬದಲಾಗುತ್ತೆ. ಲಂಡನ್ನಿನ ಟ್ರಾಫಿಕ್ ಡೇಟಾದಲ್ಲಿ ಟ್ರೇನ್ ಮಾಡಿದ ಮಾಡೆಲ್ಲನ್ನ ವಡಾಲ ಟ್ರಕ್ ಟರ್ಮಿನಲ್ ಹತ್ತಿರ ಬಿಟ್ಟರೆ ಏನಾಗುತ್ತೆ? ಹಾಗೇ.

ನಮ್ಮಲ್ಲಿ ಇನ್ನೊಂದು ವಿಶೇಷ ಇದೆ, ಒಳಮದುವೆ. ನೂರಾರು ವರ್ಷ ಒಂದೇ ಗುಂಪಿನೊಳಗೆ ಕೊಟ್ಟು ತಂದಿದ್ದೇವೆ. ಮೇಲಾಗಿ ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡೋ ರೂಢಿಯೂ ಇದೆ. 2017ರಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳ ಡಿಎನ್‌ಎ ನೋಡಿದಾಗ, 81 ಗುಂಪುಗಳು ಕೆಲವೇ ಪೂರ್ವಿಕರಿಂದ ಬಂದವು, ಅದೂ ಫಿನ್‌ಲೆಂಡಿನವರಿಗಿಂತ ತೀವ್ರವಾಗಿ ಅಂತ ಕಂಡಿತು. ಅಂಥ ಗುಂಪಿನಲ್ಲಿ ಬೇರೆ ಕಡೆ ಅಪರೂಪವಾಗಿರೋ ಬದಲಾವಣೆ ಸಾಮಾನ್ಯವಾಗಿರಬಹುದು. ವೈಶ್ಯ ಸಮುದಾಯದ ಕೆಲವರಿಗೆ ಅರಿವಳಿಕೆ ವೇಳೆ ಕೊಡೋ ಒಂದು ಔಷಧಿ ಬೇಗ ಇಳಿಯಲ್ಲ ಅಂತ ನಮ್ಮ ದಕ್ಷಿಣದ ವೈದ್ಯರಿಗೆ ಗೊತ್ತಿರೋದು ಇದೇ ಕಾರಣಕ್ಕೆ. ಅದು ಮನೋರೋಗದ ವಿಷಯ ಅಲ್ಲ. ಆದರೆ ಇಂಥ ಗುಂಪುಗಳಲ್ಲಿ, ದೊಡ್ಡ ಪರಿಣಾಮ ಇರೋ ಅಪರೂಪದ ಜೀನ್ ಹುಡುಕೋದು ಸುಲಭ ಅನ್ನೋದು ಮನೋರೋಗಕ್ಕೂ ಅನ್ವಯಿಸುತ್ತೆ.

ಈ ಕೆಲಸ ನಮ್ಮ ಬೆಂಗಳೂರಿನಲ್ಲೇ ನಡೀತಿದೆ. ನಿಮ್ಹಾನ್ಸ್‌ನಲ್ಲಿ ಡಾ. ಸಂಜೀವ್ ಜೈನ್ ಮತ್ತು ಸಂಗಡಿಗರು ಬಹಳ ವರ್ಷಗಳಿಂದ, ಗಂಭೀರ ಮನೋರೋಗ ಒಬ್ಬರಿಗಿಂತ ಹೆಚ್ಚು ಜನಕ್ಕೆ ಇರೋ ಕುಟುಂಬಗಳನ್ನ ಅಧ್ಯಯನ ಮಾಡ್ತಾ ಬಂದಿದ್ದಾರೆ. ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು ಜೊತೆಗಿವೆ. ಸ್ಕಿಜೋಫ್ರೇನಿಯಾ, ಬೈಪೋಲಾರ್, ಒಸಿಡಿ, ಕುಡಿತದ ಚಟ, ಮರೆವಿನ ಕಾಯಿಲೆ ಈ ಐದನ್ನೂ ಒಟ್ಟಿಗೆ ನೋಡ್ತಾರೆ, ಯಾಕಂದ್ರೆ ಒಂದೇ ಮನೆಯಲ್ಲಿ ಅಣ್ಣನಿಗೆ ಒಂದು, ತಂಗಿಗೆ ಇನ್ನೊಂದು ಇರಬಹುದು. ಅವರ ಎಕ್ಸೋಮ್ ಓದ್ತಾರೆ. ಆಮೇಲೆ ರಕ್ತದ ಕೋಶಗಳನ್ನ ಹಿಂದಕ್ಕೆ ತಿರುಗಿಸಿ ಸ್ಟೆಮ್ ಸೆಲ್ ಮಾಡಿ, ಅದರಿಂದ ಪ್ರಯೋಗಾಲಯದಲ್ಲಿ ನರಕೋಶ ಬೆಳೆಸ್ತಾರೆ. ಕಾಯಿಲೆ ಇರೋ ಅಣ್ಣನ ನರಕೋಶ, ಇಲ್ಲದ ತಮ್ಮನ ನರಕೋಶ ಪಕ್ಕಪಕ್ಕ ಇಟ್ಟು ಡಿಫ್ ನೋಡಿದ ಹಾಗೆ. ಜೀವಂತ ಮನುಷ್ಯನ ಮೆದುಳನ್ನ ಬಿಚ್ಚಿ ನೋಡೋಕಾಗಲ್ವಲ್ಲ, ಅದಕ್ಕೆ ಈ ದಾರಿ. ಇದರ ಜೊತೆಗೆ, ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದಾಳತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಇಡೀ ಜೀನೋಮ್ ಓದಿದೆ. 2025ರ ಜನವರಿಯಲ್ಲಿ ಆ ಡೇಟಾವನ್ನ ಸಂಶೋಧಕರಿಗೆ ತೆರೆದರು. ನಮ್ಮವರಲ್ಲಿ ಯಾವುದು ಮಾಮೂಲು, ಯಾವುದು ಅಪರೂಪ ಅಂತ ಹೋಲಿಸೋಕೆ ಒಂದು ಆಧಾರ ಸಿಕ್ಕ ಹಾಗಾಯ್ತು.

ಇದನ್ನೆಲ್ಲ ಯಾಕೆ ನಿಮ್ಮ ಮುಂದೆ ಹೇಳ್ತಿದ್ದೀನಿ ಅಂದ್ರೆ, ಈ ವಿದ್ಯೆ ಲ್ಯಾಬ್‌ನಿಂದ ಹೊರಗೆ ಬಂದಾಗಿದೆ. ಆಫೀಸಿನ ಆರೋಗ್ಯ ಶಿಬಿರದಲ್ಲಿ ಒಬ್ಬರು ಎಂಜಲು ಪರೀಕ್ಷೆಯ ಕಿಟ್ ಮಾರ್ತಿದ್ದರು. ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ, ಕೂದಲು ಉದುರೋದು, ಅದರ ಕೆಳಗೆ ‘ಮಾನಸಿಕ ಆರೋಗ್ಯ’. ಈ ಸ್ಕೋರನ್ನ ಯಾವ ಜನರ ಡೇಟಾದ ಮೇಲೆ ಮಾಡಿದ್ದೀರಿ ಅಂತ ಕೇಳಿದೆ. “ಇಂಟರ್‌ನ್ಯಾಷನಲ್ ಡೇಟಾ ಸರ್” ಅಂದರು. 2022ರ ಆ ದೊಡ್ಡ ಅಧ್ಯಯನದಲ್ಲೇ, ಎಲ್ಲ ಚಿಕ್ಕ ಪರಿಣಾಮಗಳನ್ನ ಕೂಡಿಸಿ ಮಾಡಿದ ಸ್ಕೋರು ವಿವರಿಸಿದ್ದು ಸಾಧ್ಯತೆಯ ವ್ಯತ್ಯಾಸದಲ್ಲಿ ಸುಮಾರು ಶೇ 7 ಮಾತ್ರ. ಸಂಶೋಧನೆಗೆ ಅದು ಉಪಯೋಗಿ. ಆದರೆ ನಮ್ಮಂಥವರ ಮೇಲೆ ಅಷ್ಟೂ ಕೆಲಸ ಮಾಡದ ಆ ಸ್ಕೋರನ್ನ ಮೊಬೈಲಿನಲ್ಲಿ ಕೆಂಪು ಬಣ್ಣದಲ್ಲಿ ನೋಡಿ, ಮಗು ಬೇಕಾ ಬೇಡವಾ ಅಂತ ಗಂಡ ಹೆಂಡತಿ ಯೋಚಿಸೋ ಹಾಗಾಗಬಾರದು.

ಇನ್ನು ನನ್ನ ತಂಗಿಯ ಲೆಕ್ಕ. ಯುರೋಪಿನ ಹಳೇ ಕುಟುಂಬ ಅಧ್ಯಯನಗಳನ್ನ ಒಟ್ಟುಗೂಡಿಸಿದ ಗಾಟ್ಸ್‌ಮನ್ ಅವರ ಪ್ರಕಾರ, ಸ್ಕಿಜೋಫ್ರೇನಿಯಾ ಇರೋರ ಒಡಹುಟ್ಟಿದವರಿಗೆ ಅದು ಬರೋ ಸಾಧ್ಯತೆ ಸುಮಾರು ಶೇ 9. ಒಡಹುಟ್ಟಿದವರ ಮಕ್ಕಳಿಗೆ ಸುಮಾರು ಶೇ 4. ಮಾಮೂಲಿ ಶೇ 1ಕ್ಕೆ ಹೋಲಿಸಿದರೆ ನಾಲ್ಕು ಪಟ್ಟು, ಸುಳ್ಳಲ್ಲ. ಆದರೆ ನೂರರಲ್ಲಿ 96 ಜನಕ್ಕೆ ಬರಲ್ಲ ಅನ್ನೋದೂ ಅದೇ ಅಂಕಿ. ‘ವಂಶದಾಗ ಅದ’ ಅಂದವರು ನಾಲ್ಕು ಪಟ್ಟು ಅನ್ನೋದನ್ನ ನೋಡಿದರು, 96 ನೋಡಲಿಲ್ಲ. ಅದಕ್ಕಿಂತ ಕೆಟ್ಟದ್ದು ಅಂದರೆ, ಈ ಭಯಕ್ಕೆ ಮನೆಯವರು ಕಾಯಿಲೆಯನ್ನ ಮುಚ್ಚಿಡ್ತಾರೆ. ನಮ್ಮ ಮಾವನನ್ನ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗೋಕೆ ಎರಡು ವರ್ಷ ತಡ ಆದದ್ದು, ಮನೆಯ ಹೆಣ್ಣುಮಕ್ಕಳ ಮದುವೆ ಮುಗೀಲಿ ಅಂತ. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ ಅನ್ನೋದಕ್ಕೆ ಜೀನ್ ಪರೀಕ್ಷೆ ಬೇಕಿಲ್ಲ, ಅದು ಯಾವತ್ತಿಂದಲೋ ಗೊತ್ತಿರೋ ವಿಷಯ.

ಹಾಗಾದರೆ ವಂಶದ ಮಾಹಿತಿ ಬೇಡವೇ ಬೇಡ್ವಾ? ಬೇಕು, ಆದರೆ ಅದು ಹೋಗಬೇಕಾದ ಜಾಗ ಡಾಕ್ಟರ್ ಟೇಬಲ್. ಊರಿಗೆ ಹೋದಾಗ ಅಜ್ಜಿ, ದೊಡ್ಡಮ್ಮಂದಿರ ಹತ್ತಿರ ಕೂತು ಮೂರು ತಲೆಮಾರಿನ ವಂಶವೃಕ್ಷ ಬರೆದುಕೊಳ್ಳಿ. ಯಾರಿಗೆ ಏನಿತ್ತು, ಯಾವ ವಯಸ್ಸಿನಲ್ಲಿ ಶುರುವಾಯ್ತು, ಯಾವ ಔಷಧಿಗೆ ಗುಣ ಕಂಡಿತು. ‘ಗಾಳಿ ಸೋಕಿತ್ತು’, ‘ಸನ್ಯಾಸಿ ಆದ’, ‘ಮನೆ ಬಿಟ್ಟು ಹೋದ’ ಅನ್ನೋ ಮಾತುಗಳ ಹಿಂದೆ ಏನಿರಬಹುದು ಅಂತ ಮೆಲ್ಲಗೆ ಕೇಳಿ. ಮನೆಯಲ್ಲಿ ಯಾರಿಗಾದರೂ ನಿದ್ದೆ ಕೆಟ್ಟು, ಮಾತು ಬದಲಾಗಿ, ಇಲ್ಲದ ದನಿ ಕೇಳಿಸ್ತಿದೆ ಅನ್ನಿಸಿದರೆ ತಡ ಮಾಡಬೇಡಿ. 14416 ಟೆಲಿಮಾನಸ್ ನಂಬರ್, ಸರ್ಕಾರದ್ದು, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ಮನೆಯಲ್ಲಿ ಹಲವರಿಗೆ ಗಂಭೀರ ಕಾಯಿಲೆ ಇದ್ದರೆ, ಜೀನ್ ಪರೀಕ್ಷೆ ಬೇಕಾ ಅಂತ ಮನೋವೈದ್ಯರನ್ನೋ ಜೆನೆಟಿಕ್ ಕೌನ್ಸೆಲರ್‌ರನ್ನೋ ಕೇಳಿ, ಕಿಟ್ ಮಾರೋರನ್ನಲ್ಲ. ಮತ್ತೆ ನಿಮ್ಹಾನ್ಸ್‌ನಂಥ ಕಡೆ ಸಂಶೋಧನೆಗೆ ರಕ್ತ ಕೊಡ್ತೀರಾ ಅಂತ ಕೇಳಿದರೆ, ಒಪ್ಪಿಗೆ ಪತ್ರ ಪೂರ್ತಿ ಓದಿ, ಮನಸ್ಸಿದ್ದರೆ ಕೊಡಿ. ನಮ್ಮ ಡೇಟಾ ನಾವು ಕೊಡದೆ ಬೇರೆ ಯಾರೂ ಕೊಡೋಕಾಗಲ್ಲ.

ತಂಗಿಯ ವಿಷಯ ಕೇಳ್ತೀರಿ ಅಂತ ಗೊತ್ತು. ಆಮೇಲೆ ಬಂದ ಸಂಬಂಧದವರಿಗೆ ಅಪ್ಪ ಮೊದಲ ದಿನವೇ ಮಾವನ ಬಗ್ಗೆ ಹೇಳಿಬಿಟ್ಟರು. ಹುಡುಗನ ತಾಯಿ ಒಂದೇ ಪ್ರಶ್ನೆ ಕೇಳಿದರು, “ಅವರು ಈಗ ಗುಳಿಗಿ ತಗೋತಾರೇನ್ರೀ, ಆರಾಮ ಅದಾರೇನು?” ಮದುವೆಗೆ ಮಾವನೂ ಬಂದಿದ್ದರು.

ನನ್ನ ಮಾತು ಇಷ್ಟು. ಪ್ರಶ್ನೆ ಇದ್ದರೆ ಕೇಳಿ. ಎಲ್ಲರ ಮುಂದೆ ಬೇಡ ಅನ್ನಿಸಿದರೆ ಆಮೇಲೆ ಚಹಾ ಕುಡೀತಾ ಮಾತಾಡೋಣ.